ಉರುಳೋ, ಲಾಗವೋ? ಪುಟ್ಟ ವಿಮಾನಗಳ ಬಾನಾಟವನ್ನು ಗುರುತಿಸುವ ಬಗೆ

ವಿಮಾನಗಳ ಸಾಹಸ ಪ್ರದರ್ಶನವನ್ನು ಕಂಡು ಬಂದವರಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ‘ವಿಮಾನ ಪಲ್ಟಿ ಹೊಡೆಯಿತು.’ ಈ ಒಂದು ಮಾತಿನ ಅಡಿಯಲ್ಲಿ ಕನಿಷ್ಠ ಐದು ಬಗೆಯ ಚಲನೆಗಳು ಅಡಗಿವೆ. ಅವುಗಳಲ್ಲಿ ಒಂದು, ಲೋಟದ ನೀರೂ ಚೆಲ್ಲದಷ್ಟು ಮೃದು. ಇನ್ನೊಂದು, ರೆಕ್ಕೆಯ ಗಟ್ಟಿತನವನ್ನೇ ಪರೀಕ್ಷೆಗೊಡ್ಡುವಷ್ಟು ಬಿರುಸು. ನೆಲದ ಮೇಲೆ ನಿಂತು ನೋಡುವವನು ಒಂದನ್ನು ಇನ್ನೊಂದೆಂದು ಭಾವಿಸಿದರೆ ನಷ್ಟವೇನೂ ಇಲ್ಲ. ವಿಮಾನದೊಳಗೆ ಕುಳಿತು ಚಲಾಯಿಸುವವನು ಹಾಗೆ ಭಾವಿಸಿದರೆ ಅವನು ತೆರಬೇಕಾದ ಬೆಲೆ ಪ್ರಾಣವೇ ಆಗಬಹುದು. ಆದುದರಿಂದ ಈ ಚಲನೆಗಳನ್ನು ಬೇರ್ಪಡಿಸಿ ತಿಳಿಯುವುದು ಬರಿಯ ಕುತೂಹಲದ ವಿಷಯವಲ್ಲ. ವಿಮಾನ ಚಾಲನೆಯ ಶಿಕ್ಷಣದಲ್ಲಿ ಅದಕ್ಕೆ ಗಂಭೀರವಾದ ಸ್ಥಾನವಿದೆ.

ಕನ್ನಡದಲ್ಲಿಯೇ ಇರುವ ಭೇದ

ಈ ವಿಷಯವನ್ನು ಅರಿಯಲು ಪರಭಾಷೆಯ ಮೊರೆಹೋಗಬೇಕಾಗಿಲ್ಲ. ಅಗತ್ಯವಾದ ಮೂಲಭೇದ ಕನ್ನಡ ಮಕ್ಕಳ ಬಾಯಲ್ಲಿ ಮೊದಲಿನಿಂದಲೂ ಇದೆ. ತಲೆಯನ್ನು ಕೆಳಗೆ ಮಾಡಿ ಕಾಲನ್ನು ಮೇಲಕ್ಕೆತ್ತಿ ಮುಂದಕ್ಕೆ ತಿರುಗಿಬೀಳುವುದಕ್ಕೆ ‘ಲಾಗ’ ಎನ್ನುತ್ತೇವೆ. ನೆಲದ ಮೇಲೆ ಉದ್ದಕ್ಕೆ ಮಲಗಿ ಪಕ್ಕಕ್ಕೆ ಹೊರಳುವುದಕ್ಕೆ ‘ಉರುಳು’ ಎನ್ನುತ್ತೇವೆ. ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು ‘ಗಿರಕಿ’. ಈ ಮೂರು ಮೂರು ಬೇರೆ ಅಕ್ಷಗಳ ಸುತ್ತ ನಡೆಯುವ ತಿರುಗಾಟಗಳು.

ವಿಮಾನಕ್ಕೂ ಅಕ್ಷಗಳು ಮೂರೇ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ ಎಳೆದ ಗೆರೆಯ ಸುತ್ತ ತಿರುಗಿದರೆ ಮೂಗು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಅದನ್ನೇ ಪೂರ್ಣವಾಗಿ ಮಾಡಿದರೆ ಲಾಗ, ಎಂದರೆ ಇಂಗ್ಲಿಷಿನ ಲೂಪ್. ಮೂಗಿನಿಂದ ಬಾಲದವರೆಗೆ ಎಳೆದ ಗೆರೆಯ ಸುತ್ತ ತಿರುಗಿದರೆ ಒಂದು ರೆಕ್ಕೆ ಏರಿ ಮತ್ತೊಂದು ಇಳಿಯುತ್ತದೆ. ಅದು ಪೂರ್ತಿಯಾದರೆ ಉರುಳು, ಎಂದರೆ ರೋಲ್. ದೇವಾಲಯದ ಅಂಗಣದಲ್ಲಿ ಉರುಳುಸೇವೆ ಮಾಡುವವರ ದೇಹವು ತಲೆಯಿಂದ ಕಾಲಿನವರೆಗಿನ ಗೆರೆಯ ಸುತ್ತ ತಿರುಗುವುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ವ್ಯತ್ಯಾಸ ಇಷ್ಟೇ: ಉರುಳುಸೇವೆಯಲ್ಲಿ ದೇಹ ಪಕ್ಕಕ್ಕೆ ಸಾಗುತ್ತದೆ, ವಿಮಾನವಾದರೋ ಉರುಳುತ್ತಲೇ ತಲೆಯ ದಿಕ್ಕಿಗೆ ಮುಂದುವರಿಯುತ್ತದೆ. ಮೂರನೆಯದು, ನೆಟ್ಟಗೆ ನಿಂತ ಗೆರೆಯ ಸುತ್ತ ಮೂಗು ಎಡಬಲಕ್ಕೆ ಹೊರಳುವುದು. ‘ಇಲ್ಲ’ ಎಂದು ತಲೆಯಾಡಿಸಿದಂತೆ.

ಈ ಮೂರು ಚಲನೆಗಳಿಗೆ ಮೂರು ಸಾಧನಗಳಿವೆ. ರೆಕ್ಕೆಗಳ ಹಿಂಬದಿಯ ಅಂಚಿನಲ್ಲಿ, ತುದಿಯ ಸಮೀಪದಲ್ಲಿರುವ ಮಡಚು ಪಟ್ಟಿಗಳು ಏಲಿರಾನ್. ಒಂದು ಮೇಲೆದ್ದಾಗ ಇನ್ನೊಂದು ಕೆಳಗಿಳಿಯುತ್ತದೆ. ಮೇಲೆದ್ದ ಬದಿಯ ರೆಕ್ಕೆಯಲ್ಲಿ ಎತ್ತುವ ಬಲ ಕುಗ್ಗುತ್ತದೆ, ಇಳಿದ ಬದಿಯಲ್ಲಿ ಹೆಚ್ಚುತ್ತದೆ, ವಿಮಾನ ಉರುಳತೊಡಗುತ್ತದೆ. ಬಾಲದ ಅಡ್ಡ ರೆಕ್ಕೆಯಲ್ಲಿರುವ ಎಲಿವೇಟರ್ ಮೂಗನ್ನು ಏರಿಸಿ ಇಳಿಸುತ್ತದೆ. ಬಾಲದ ನೆಟ್ಟಗಿನ ರೆಕ್ಕೆಯಲ್ಲಿರುವ ರಡ್ಡರ್, ದೋಣಿಯ ಚುಕ್ಕಾಣಿಯಂತೆ ಮೂಗನ್ನು ಎಡಬಲಕ್ಕೆ ತಿರುಗಿಸುತ್ತದೆ. ಚಾಲಕನ ಕೈಯಲ್ಲಿರುವ ನಿಯಂತ್ರಣ ದಂಡ ಮೊದಲೆರಡನ್ನು ಆಳುತ್ತದೆ, ಕಾಲಡಿಯ ಪೆಡಲುಗಳು ಮೂರನೆಯದನ್ನು.

ಇದನ್ನು ಮನೆಯಲ್ಲಿಯೇ ಮಾಡಿನೋಡಬಹುದು. ಹಳೆಯ ನೋಟ್‌ಬುಕ್ಕಿನ ಹಾಳೆಯಿಂದ ಮಾಡಿದ ಕಾಗದದ ವಿಮಾನದ ಎಡ ರೆಕ್ಕೆಯ ಹಿಂಬದಿಯ ಅಂಚನ್ನು ಕೊಂಚ ಮೇಲಕ್ಕೆ, ಬಲ ರೆಕ್ಕೆಯದನ್ನು ಅಷ್ಟೇ ಕೆಳಕ್ಕೆ ಮಡಚಿ ಎಸೆದರೆ ಅದು ಎಡಕ್ಕೆ ಉರುಳುತ್ತ ಸಾಗುತ್ತದೆ. ಎರಡೂ ಅಂಚುಗಳನ್ನು ಮೇಲಕ್ಕೆ ಮಡಚಿ ಜೋರಾಗಿ ಎಸೆದರೆ ಮೂಗೆತ್ತಿ ಲಾಗದ ದಾರಿ ಹಿಡಿಯುತ್ತದೆ. ಉರುಳಿಗೂ ಲಾಗಕ್ಕೂ ಇರುವ ಭೇದವನ್ನು ಎರಡು ಮಡಿಕೆಗಳಲ್ಲಿ ಕಾಣಬಹುದು.

ಐದು ಉರುಳುಗಳು

ಮೊದಲನೆಯದು ಏಲಿರಾನ್ ರೋಲ್. ಚಾಲಕನು ಮೊದಲು ಮೂಗನ್ನು ಬಾನಂಚಿಗಿಂತ ಸಾಕಷ್ಟು ಮೇಲಕ್ಕೆತ್ತಿ, ದಂಡವನ್ನು ನಡುವಿಗೆ ತಂದು, ಬಳಿಕ ಒಂದು ಪಕ್ಕಕ್ಕೆ ಪೂರ್ತಿ ಒತ್ತುತ್ತಾನೆ. ವಿಮಾನ ತನ್ನ ಉದ್ದದ ಗೆರೆಯ ಸುತ್ತ ಒಂದು ಸುತ್ತು ತಿರುಗಿ ಮತ್ತೆ ನೆಟ್ಟಗಾಗುತ್ತದೆ. ಈ ಅವಧಿಯಲ್ಲಿ ರೆಕ್ಕೆಗಳು ಆಕಾಶದತ್ತ ಎತ್ತುವ ಕೆಲಸವನ್ನು ಸರಿಯಾಗಿ ಮಾಡಲಾರವಾದ್ದರಿಂದ ಮೂಗು ಎಸೆದ ಕಲ್ಲಿನಂತೆ ಬಾಗಿ ಇಳಿಯುತ್ತದೆ. ಆರಂಭದಲ್ಲಿ ಮೂಗೆತ್ತಿಕೊಳ್ಳುವುದು ಈ ಇಳಿಕೆಗೆ ಮುಂಚಿತವಾಗಿ ಕಟ್ಟಿಟ್ಟ ಠೇವಣಿ. ಕಲಿಯುವವರಿಗೆ ಸಾಮಾನ್ಯವಾಗಿ ಮೊದಲು ಹೇಳಿಕೊಡುವ ಉರುಳು ಇದು.

ಎರಡನೆಯದು ಸ್ಲೋ ರೋಲ್. ಹೆಸರಿನಲ್ಲಿ ನಿಧಾನವಿದ್ದರೂ ಅದರ ಲಕ್ಷಣ ನಿಧಾನಗತಿಯಲ್ಲ, ನೇರಗತಿ. ವಿಮಾನ ಸುತ್ತುತ್ತಿದ್ದರೂ ಅದು ಸಾಗುವ ದಾರಿ ಗೆರೆ ಕೊರೆದಂತೆ ನೇರವಾಗಿರಬೇಕು, ಮೂಗು ದೂರದ ಒಂದೇ ಬಿಂದುವಿನತ್ತ ನೆಟ್ಟಿರಬೇಕು. ಇದು ಕಷ್ಟದ ಕೆಲಸ. ರೆಕ್ಕೆಗಳು ನೆಲಕ್ಕೆ ಲಂಬವಾದಾಗ ಅವು ವಿಮಾನವನ್ನು ಮೇಲೆತ್ತಲಾರವು. ಆಗ ಮೇಲಿನ ಬದಿಯ ಪೆಡಲನ್ನು ಒತ್ತಿ ಮೂಗನ್ನು ಎತ್ತಿಹಿಡಿದು, ವಿಮಾನದ ಒಡಲಿನ ಪಕ್ಕವೇ ಗಾಳಿಯ ಮೇಲೆ ಒರಗುವಂತೆ ಮಾಡಬೇಕು. ತಲೆಕೆಳಗಾದಾಗ ದಂಡವನ್ನು ಮುಂದಕ್ಕೆ ತಳ್ಳಿ ಮೂಗು ನೆಲದತ್ತ ಜಾರದಂತೆ ತಡೆಯಬೇಕು. ಮುಂದಿನ ಕಾಲುಭಾಗದಲ್ಲಿ ಇನ್ನೊಂದು ಕಾಲಿನ ಪೆಡಲು. ಕೈಯೂ ಕಾಲೂ ಕ್ಷಣಕ್ಷಣಕ್ಕೆ ಕೆಲಸ ಬದಲಿಸುತ್ತಲೇ ಇರಬೇಕು. ತಲೆಕೆಳಗಾದ ಗಳಿಗೆಯಲ್ಲಿ ಚಾಲಕನು ಸೊಂಟಪಟ್ಟಿ, ಹೆಗಲುಪಟ್ಟಿಗಳಲ್ಲಿ ತೂಗುತ್ತಿರುತ್ತಾನೆ. ನೆಲದ ಧೂಳೆಲ್ಲ ಕೊಠಡಿಯ ಮೇಲ್ಛಾವಣಿಗೆ ಹಾರುತ್ತದೆ. ಇಂಧನ ಗುರುತ್ವದ ಬಲದಿಂದಲೇ ಹರಿದುಬರುವ ಸಾಧಾರಣ ಎಂಜಿನ್ ಇಲ್ಲಿ ಕೆಮ್ಮಿ ನಿಂತುಬಿಡಬಹುದು. ಆದುದರಿಂದ ಇಂಥ ಆಟಕ್ಕೆಂದೇ ಕಟ್ಟಿದ ವಿಮಾನಗಳಲ್ಲಿ ತಲೆಕೆಳಗಾದಾಗಲೂ ಇಂಧನ ಮತ್ತು ಎಣ್ಣೆ ಹರಿಯುವ ವಿಶೇಷ ಏರ್ಪಾಡು ಇರುತ್ತದೆ.

ಮೂರನೆಯದು ಪಾಯಿಂಟ್ ರೋಲ್. ಇದು ಸ್ಲೋ ರೋಲನ್ನೇ ತುಂಡುತುಂಡಾಗಿ ಮಾಡುವುದು. ನಾಲ್ಕು ಬಿಂದುಗಳ ಉರುಳಾದರೆ ಕಾಲು ಸುತ್ತಿಗೊಮ್ಮೆ, ಎಂಟು ಬಿಂದುಗಳದ್ದಾದರೆ ಅರೆಕಾಲು ಸುತ್ತಿಗೊಮ್ಮೆ ವಿಮಾನ ಗಕ್ಕನೆ ನಿಂತು ಮತ್ತೆ ತಿರುಗುತ್ತದೆ. ಗಡಿಯಾರದ ಸೆಕೆಂಡು ಮುಳ್ಳು ಹೆಜ್ಜೆಹೆಜ್ಜೆಗೆ ತಡೆದು ಸಾಗುವಂತೆ.

ನಾಲ್ಕನೆಯದು ಬ್ಯಾರೆಲ್ ರೋಲ್. ಜನ ಎಲ್ಲ ಉರುಳುಗಳನ್ನೂ ಕರೆಯುವುದು ಈ ಹೆಸರಿನಿಂದ. ಆದರೆ ಇದು ಮಿಕ್ಕವುಗಳಿಗಿಂತ ತೀರ ಭಿನ್ನ. ಇದರಲ್ಲಿ ಉರುಳೂ ಲಾಗವೂ ಬೆರೆತಿವೆ. ದೊಡ್ಡದೊಂದು ಪೀಪಾಯಿಯನ್ನು ಅಡ್ಡ ಮಲಗಿಸಿ, ಅದರ ಒಳಗೋಡೆಗೆ ಚಕ್ರಗಳನ್ನು ತಾಗಿಸಿಕೊಂಡೇ ವಿಮಾನ ಸುರುಳಿಯಾಗಿ ಸಾಗಿತೆಂದು ಕಲ್ಪಿಸಿಕೊಳ್ಳಬಹುದು. ಅವರೆ ಬಳ್ಳಿ ಕೋಲಿಗೆ ಸುತ್ತಿಕೊಂಡು ಏರುವ ದಾರಿಯೂ ಇದೇ ಆಕಾರದ್ದು. ಮೂಗು ಒಂದು ಬಿಂದುವಿನತ್ತ ನೆಟ್ಟಿರುವುದಿಲ್ಲ. ಬಿಂದುವಿನ ಸುತ್ತ ದೊಡ್ಡ ವೃತ್ತವನ್ನು ಬರೆಯುತ್ತದೆ. ಚಾಲಕನು ಉದ್ದಕ್ಕೂ ದಂಡವನ್ನು ತುಸು ಹಿಂದಕ್ಕೆ ಎಳೆದೇ ಇರುವುದರಿಂದ ಒಳಗಿರುವವರು ಆಸನಕ್ಕೆ ಒತ್ತಿಕೊಂಡೇ ಇರುತ್ತಾರೆ. ನೀರು ತುಂಬಿದ ಬಿಂದಿಗೆಯನ್ನು ಕೈಯಲ್ಲಿ ಹಿಡಿದು ರಭಸವಾಗಿ ತಿರುಗಿಸಿದಾಗ, ಅದು ತಲೆಯ ಮೇಲೆ ಮಗುಚಿದ್ದರೂ ನೀರು ಚೆಲ್ಲುವುದಿಲ್ಲ, ಕಾರಣ ಅದೇ. ಅಮೆರಿಕದ ಪ್ರಸಿದ್ಧ ಚಾಲಕ ಬಾಬ್ ಹೂವರ್ ಅವಳಿ ಎಂಜಿನ್ನಿನ ಶ್ರೈಕ್ ಕಮಾಂಡರ್ ವಿಮಾನವನ್ನು ಹೀಗೆ ಉರುಳಿಸುತ್ತ, ಒಂದು ಕೈಯಿಂದ ಲೋಟಕ್ಕೆ ಚಹಾ ಸುರಿದು ತೋರಿಸುತ್ತಿದ್ದರು. ಅದು ಮಾಯೆಯಲ್ಲ, ಬಿಂದಿಗೆಯ ನ್ಯಾಯ.

ಐದನೆಯದು ಸ್ನ್ಯಾಪ್ ರೋಲ್. ಫ್ಲಿಕ್ ರೋಲ್ ಎಂದೂ ಕರೆಯುತ್ತಾರೆ. ಇದಕ್ಕೆ ಮೂಲ ಏಲಿರಾನ್ ಅಲ್ಲವೇ ಅಲ್ಲ. ಚಾಲಕನು ದಂಡವನ್ನು ಥಟ್ಟನೆ ಹಿಂದಕ್ಕೆಳೆದು ಒಂದು ಪೆಡಲನ್ನು ಪೂರ್ತಿ ಒತ್ತುತ್ತಾನೆ. ಒಂದು ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದುಹೋಗಿ ಅದು ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಇದನ್ನೇ ವಿಮಾನಶಾಸ್ತ್ರದಲ್ಲಿ ಸ್ಟಾಲ್ ಎನ್ನುವುದು. ಇನ್ನೊಂದು ರೆಕ್ಕೆ ಇನ್ನೂ ಎತ್ತುತ್ತಲೇ ಇರುವುದರಿಂದ ವಿಮಾನ ಝಾಡಿಸಿದಂತೆ ತಿರುಗುತ್ತದೆ. ನೆಲದತ್ತ ಗಿರಕಿ ಹೊಡೆಯುತ್ತ ಬೀಳುವ ಚಲನೆಯನ್ನೇ ಅಡ್ಡಲಾಗಿ ಮಾಡಿದಂತೆ ಇದು. ರೆಕ್ಕೆ, ಬಾಲಗಳ ಮೇಲೆ ಬೀಳುವ ಒತ್ತಡ ಬಲುದೊಡ್ಡದಾದ್ದರಿಂದ ನಿಗದಿಪಡಿಸಿದ ವೇಗವನ್ನು ಮೀರಿ ಇದನ್ನು ಮಾಡುವಂತಿಲ್ಲ.

ಬರಹಕ್ಕಿಳಿದ ಬಾನಾಟ

ಸ್ಪೇನ್ ದೇಶದ ಚಾಲಕ ಹೊಸೆ ಲೂಯಿಸ್ ಅರೆಸ್ತಿ ಈ ಚಲನೆಗಳಿಗೆಲ್ಲ ಒಂದು ಲಿಪಿಯನ್ನೇ ರೂಪಿಸಿದರು. ಸಂಗೀತಕ್ಕೆ ಸ್ವರಲಿಪಿ ಇರುವಂತೆ, ಯಾವ ಆಟವನ್ನು ಯಾವುದರ ನಂತರ ಮಾಡಬೇಕೆಂದು ಗೆರೆ, ಬಾಣ, ತ್ರಿಕೋನಗಳಲ್ಲಿ ಬರೆದಿಡುವ ವಿಧಾನ ಇದು. ಮೊದಲ ವಿಶ್ವ ಬಾನಾಟ ಸ್ಪರ್ಧೆ 1960ರಲ್ಲಿ ಬ್ರಾತಿಸ್ಲಾವಾದಲ್ಲಿ ನಡೆಯಿತು. ಬಳಿಕದ ವರ್ಷಗಳಲ್ಲಿ ಅರೆಸ್ತಿಯವರ ಲಿಪಿ ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. ಅದರಲ್ಲಿ ಚಲನೆಗಳನ್ನು ‘ಕುಟುಂಬ’ಗಳಾಗಿ ವಿಂಗಡಿಸಿದ್ದು, ಉರುಳು ಮತ್ತು ಗಿರಕಿಗಳು 9ನೆಯ ಕುಟುಂಬಕ್ಕೆ ಸೇರಿವೆ. ಏಲಿರಾನಿನಿಂದಾಗುವ ಉರುಳಿಗೆ ಗೆರೆಯನ್ನು ದಾಟುವ ಬಾಗು ಬಾಣ. ಸ್ನ್ಯಾಪ್ ರೋಲಿಗೆ ತ್ರಿಕೋನ.

ಜನಪ್ರಿಯವಾದ ಬ್ಯಾರೆಲ್ ರೋಲಿಗೆ ಈ ಸ್ಪರ್ಧೆಗಳಲ್ಲಿ ಸ್ಥಾನವಿಲ್ಲ. ಸ್ಪರ್ಧೆ ಬಯಸುವುದು ನೇರಗೆರೆಯ ಉರುಳನ್ನು; ಅಲ್ಲಿ ದಾರಿ ಸುರುಳಿಯಾದರೆ ಅದು ದೋಷ. ಸ್ನ್ಯಾಪ್ ರೋಲ್ ಎಂದು ಬರೆದಿರುವ ಕಡೆ ಬರಿಯ ವೇಗದ ಏಲಿರಾನ್ ಉರುಳನ್ನು ತೋರಿಸಿದರೆ ಆ ಚಲನೆಗೆ ದೊರೆಯುವುದು ಸೊನ್ನೆ. ಎಕ್ಸ್‌ಟ್ರಾ 300ರಂತಹ ಸ್ಪರ್ಧಾ ವಿಮಾನ ಒಂದು ಪೂರ್ಣ ಉರುಳನ್ನು ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ. ಅಷ್ಟರಲ್ಲಿಯೇ ತೀರ್ಪುಗಾರರು ಇದಾವುದು ಎಂದು ನಿರ್ಣಯಿಸಬೇಕು.

ಸಿಯಾಟಲ್‌ನ ಸರೋವರದ ಮೇಲೆ

ಉರುಳಿನ ಇತಿಹಾಸದಲ್ಲಿ ಅತಿ ಹೆಚ್ಚು ಮಾತಿಗೊಳಗಾದ ಘಟನೆ ನಡೆದದ್ದು ಪುಟ್ಟ ವಿಮಾನದಲ್ಲಲ್ಲ. 1955ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ ವೇಗದ ದೋಣಿಗಳ ಪಂದ್ಯ ನಡೆದಿತ್ತು. ಬೋಯಿಂಗ್ ಸಂಸ್ಥೆಯ ಅಧ್ಯಕ್ಷ ಬಿಲ್ ಆಲೆನ್ ವಿಮಾನೋದ್ಯಮದ ಅತಿಥಿಗಳೊಂದಿಗೆ ಅಲ್ಲಿದ್ದರು. ಸಂಸ್ಥೆಯ ಪರೀಕ್ಷಾ ಚಾಲಕ ಟೆಕ್ಸ್ ಜಾನ್‌ಸ್ಟನ್, ನಾಲ್ಕು ಜೆಟ್ ಎಂಜಿನ್ನುಗಳ ‘367-80’ ಎಂಬ ಮಾದರಿ ವಿಮಾನವನ್ನು ಆ ಜನಸ್ತೋಮದ ಮೇಲೆ ತಂದು ಬ್ಯಾರೆಲ್ ರೋಲ್ ಮಾಡಿದರು. ತಿರುಗಿ ಬಂದು ಇನ್ನೊಮ್ಮೆ ಮಾಡಿದರು. ಮುಂದೆ ಬೋಯಿಂಗ್ 707 ಎಂಬ ಪ್ರಯಾಣಿಕ ಜೆಟ್ ವಿಮಾನಕ್ಕೆ ಮೂಲವಾದದ್ದು ಇದೇ ಮಾದರಿ. ಸಂಸ್ಥೆಯ ಭವಿಷ್ಯವೇ ಅದರ ಮೇಲೆ ನಿಂತಿತ್ತು.

ಅಧ್ಯಕ್ಷರು ಮರುದಿನ ಕರೆಸಿ ವಿವರಣೆ ಕೇಳಿದಾಗ, ತಾವು ಮಾಡಿದ್ದು ವಿಮಾನದ ಮಾರಾಟವೇ ಎಂಬ ಅರ್ಥದ ಉತ್ತರವನ್ನು ಜಾನ್‌ಸ್ಟನ್ ನೀಡಿದರು ಎನ್ನಲಾಗಿದೆ. ಅವರ ತಾಂತ್ರಿಕ ಸಮರ್ಥನೆ ಇನ್ನೂ ಗಮನಾರ್ಹವಾದುದು. ಸರಿಯಾಗಿ ಮಾಡಿದ ಈ ಉರುಳಿನಲ್ಲಿ ವಿಮಾನಕ್ಕೆ ತಾನು ತಲೆಕೆಳಗಾಗಿದ್ದೇನೆಂಬ ಅರಿವೇ ಇರುವುದಿಲ್ಲ. ರೆಕ್ಕೆಯ ಮೇಲಿನ ಭಾರ ನೇರ ಹಾರಾಟದಲ್ಲಿರುವಷ್ಟೇ ಇರುತ್ತದೆ ಎಂಬುದು ಅವರ ವಾದ. ನೋಡುಗರ ಕಣ್ಣಿಗೆ ಅದು ಹುಚ್ಚುಸಾಹಸ. ಲೋಹದ ರೆಕ್ಕೆಗೆ ಅದು ಸಾಧಾರಣ ಭಾರ. ಆದರೂ ಅಧ್ಯಕ್ಷರ ಆಕ್ಷೇಪದಲ್ಲಿ ನ್ಯಾಯವಿತ್ತು: ಸಂಸ್ಥೆಯ ಬಳಿ ಇದ್ದದ್ದು ಅಂಥ ಒಂದೇ ವಿಮಾನ, ಕೆಳಗಿದ್ದದ್ದು ಜನಸಾಗರ. ಆ ವಿಮಾನ ಇಂದು ವರ್ಜೀನಿಯಾದಲ್ಲಿರುವ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದಲ್ಲಿದೆ.

ತಲೆಕೆಳಗಾದಾಗ ಕೈ ಮಾಡುವ ದ್ರೋಹ

ಜಾನ್‌ಸ್ಟನ್ ಮಾಡಿದ್ದು ಸುಲಭವೆಂದು ಭಾವಿಸಿ ತರಬೇತಿಯಿಲ್ಲದೆ ಉರುಳಲು ಹೊರಟವರಿಗೆ ಅಪಾಯ ಒದಗುವುದು ಒಂದು ನಿರ್ದಿಷ್ಟ ಗಳಿಗೆಯಲ್ಲಿ. ಮೂಗನ್ನು ಸಾಕಷ್ಟು ಎತ್ತದೆ ಉರುಳು ಆರಂಭಿಸಿದ ವಿಮಾನ, ಅರ್ಧ ಸುತ್ತು ತಿರುಗಿ ತಲೆಕೆಳಗಾಗುವ ಹೊತ್ತಿಗೆ ಮೂಗನ್ನು ನೆಲದತ್ತ ಇಳಿಸಿರುತ್ತದೆ. ಗಾಜಿನಾಚೆ ಆಕಾಶವಿದ್ದ ಕಡೆ ನೆಲ ತುಂಬಿಕೊಳ್ಳುತ್ತದೆ. ಅನನುಭವಿ ಚಾಲಕ ಹೌಹಾರಿ, ಎಂದಿನ ಅಭ್ಯಾಸದಂತೆ ದಂಡವನ್ನು ತನ್ನೆಡೆಗೆ ಎಳೆಯುತ್ತಾನೆ.

ಎಲಿವೇಟರಿಗೆ ಆಕಾಶ ಯಾವುದು, ಭೂಮಿ ಯಾವುದು ಎಂಬುದು ತಿಳಿಯದು. ದಂಡವನ್ನು ಎಳೆದರೆ ಮೂಗು ಚಾಲಕನ ತಲೆ ಇರುವ ಕಡೆಗೆ ಹೋಗುತ್ತದೆ, ಅಷ್ಟೇ. ತಲೆ ಆಕಾಶದತ್ತ ಇರುವಾಗ ಅದು ವಿಮಾನವನ್ನು ಏರಿಸುತ್ತದೆ; ತಲೆ ನೆಲದತ್ತ ಇರುವಾಗ ನೆಲಕ್ಕೇ ಕರೆದೊಯ್ಯುತ್ತದೆ. ಅರ್ಧ ಉರುಳಿನ ನಂತರ ಕೆಳಮುಖವಾದ ಅರ್ಧ ಲಾಗ ಎಂಬ ಈ ಸಂಯೋಗಕ್ಕೆ ಸ್ಪ್ಲಿಟ್-ಎಸ್ ಎಂಬ ಹೆಸರಿದೆ. ಎತ್ತರದಲ್ಲಿ ತಿಳಿದು ಮಾಡಿದರೆ ಅದೊಂದು ಸುಂದರ ಆಟ. ತಗ್ಗಿನಲ್ಲಿ ತಿಳಿಯದೆ ಆದರೆ ಮರಣಶಾಸನ. ವೇಗ ಏರುತ್ತಲೇ ಹೋಗುತ್ತದೆ, ಎತ್ತರ ಕರಗುತ್ತಲೇ ಹೋಗುತ್ತದೆ. ಸರಿಯಾದ ಕ್ರಮ ಅಭ್ಯಾಸಕ್ಕೆ ವಿರುದ್ಧವಾದುದು: ಮೊದಲು ಎಳೆತವನ್ನು ಬಿಟ್ಟು ದಂಡವನ್ನು ಮುಂದಕ್ಕೆ ತರಬೇಕು, ಬಳಿಕ ಉರುಳಿ ನೆಟ್ಟಗಾಗಬೇಕು, ಆಮೇಲಷ್ಟೇ ಎಳೆಯಬೇಕು. ಇದನ್ನು ಓದಿ ತಿಳಿಯಬಹುದು. ಆದರೆ ಆ ಗಳಿಗೆಯಲ್ಲಿ ಕೈ ಮಾತು ಕೇಳಬೇಕಾದರೆ, ಬಲ್ಲವರ ಜೊತೆ ಕುಳಿತು ಎತ್ತರದಲ್ಲಿ ಮತ್ತೆ ಮತ್ತೆ ಮಾಡಿರಬೇಕು.

ಪ್ರಯಾಣಿಕ ವಿಮಾನಗಳೂ ಎಂದಾದರೊಮ್ಮೆ ಬಿರುಗಾಳಿಗೋ ಮುಂದಿನ ವಿಮಾನ ಬಿಟ್ಟುಹೋದ ಗಾಳಿಸುಳಿಗೋ ಸಿಕ್ಕಿ ಒಂದು ಪಕ್ಕಕ್ಕೆ ವಿಪರೀತವಾಗಿ ವಾಲುವುದುಂಟು. ಆದುದರಿಂದ ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ, ವೃತ್ತಿಪರ ವಿಮಾನ ಚಾಲಕರಾಗ ಬಯಸುವವರು ಇಂಥ ಸ್ಥಿತಿಯಿಂದ ಚೇತರಿಸಿಕೊಳ್ಳುವ ತರಬೇತಿಯನ್ನು ಆಕಾಶದಲ್ಲಿಯೇ ಪಡೆಯಬೇಕೆಂದು ಕಡ್ಡಾಯಗೊಳಿಸಲಾಗಿದೆ. ಪುಟ್ಟ ವಿಮಾನದಲ್ಲಿ ಕಲಿತ ಪಾಠ ನೂರಾರು ಪ್ರಯಾಣಿಕರ ರಕ್ಷಣೆಗೆ ಬರುತ್ತದೆ.

ಕಾನೂನಿನ ಕಣ್ಣಿನಲ್ಲಿ

ಬಾನಾಟ ಎಂದರೇನು ಎಂಬುದನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿ ವ್ಯಾಖ್ಯಾನಿಸಿದೆ. ವಿಮಾನದ ಭಂಗಿಯಲ್ಲಿ ಹಠಾತ್ ಬದಲಾವಣೆ, ಅಸಹಜ ಭಂಗಿ, ಅಥವಾ ವೇಗದಲ್ಲಿ ಅಸಹಜ ಏರುಪೇರು ಉಂಟಾಗುವಂತೆ ಉದ್ದೇಶಪೂರ್ವಕವಾಗಿ ಮಾಡುವ ಚಲನೆ ಎಂಬುದು ಅದರ ಸಾರ. ಇಲ್ಲಿ ತೂಕದ ಪದ ‘ಉದ್ದೇಶಪೂರ್ವಕ’. ಅದೇ ಅರ್ಧ ಸುತ್ತು ಚಾಲಕನ ಇಚ್ಛೆಯಿಂದಾದರೆ ಆಟ, ಇಚ್ಛೆಯಿಲ್ಲದೆ ಆದರೆ ಅವಘಡದ ಆರಂಭ.

ಅಮೆರಿಕದ ನಿಯಮಗಳು ಇನ್ನೂ ಖಚಿತ. ಜನವಸತಿ ದಟ್ಟವಾಗಿರುವ ಪ್ರದೇಶದ ಮೇಲಾಗಲೀ, ಬಯಲಿನಲ್ಲಿ ನೆರೆದ ಜನರ ಮೇಲಾಗಲೀ ಬಾನಾಟ ಸಲ್ಲದು. ನೆಲದಿಂದ 1,500 ಅಡಿಗಿಂತ ಕೆಳಗೆ ಸಲ್ಲದು. ವಿಶೇಷ ಅನುಮತಿ ಪಡೆದ ಪ್ರದರ್ಶನಗಳಿಗೆ ಮಾತ್ರ ವಿನಾಯಿತಿ ಇದೆ. ವಿಮಾನದ ಕಟ್ಟೋಣದಲ್ಲಿಯೂ ಭೇದವಿದೆ. ಬಾನಾಟಕ್ಕೆ ಮಾನ್ಯತೆ ಪಡೆದ ಪುಟ್ಟ ವಿಮಾನ ತನ್ನ ತೂಕದ 6 ಪಟ್ಟು ಭಾರವನ್ನು ತಾಳುವಂತೆಯೂ, ತಲೆಕೆಳಗಾದ ದಿಕ್ಕಿನಲ್ಲಿ 3 ಪಟ್ಟನ್ನು ತಾಳುವಂತೆಯೂ ಇರಬೇಕು. ಸಾಧಾರಣ ವರ್ಗದ ವಿಮಾನಕ್ಕೆ ಸಾಮಾನ್ಯವಾಗಿ ವಿಧಿಸುವ ಮಿತಿ 3.8 ಪಟ್ಟು. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಕಡತದಲ್ಲಿ ನಮೂದಾಗಿರುವ ವರ್ಗವೇ ಉರುಳುವ ಹಕ್ಕನ್ನು ನಿರ್ಧರಿಸುತ್ತದೆ.

ನೋಡುಗರಿಗೆ ಮೂರು ಪ್ರಶ್ನೆಗಳು

ಗಡಿಯಾಚೆಯ ಕನ್ನಡಿಗರಿಗೆ ಈ ನೋಟ ದೂರದ್ದೇನಲ್ಲ. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಬೀದರ್‌ನಲ್ಲಿ. ಜಹೀರಾಬಾದ್, ನಾರಾಯಣಖೇಡ್ ಭಾಗದವರಿಗೆ ಅದು ಪಕ್ಕದ ಊರು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ವಿಮಾನಗಳಲ್ಲಿ ಆರಂಭವಾದ ಈ ತಂಡ ಈಗ ಹಾಕ್ ವಿಮಾನಗಳಲ್ಲಿ ಹಾರುತ್ತದೆ. ಹೊಸೂರು, ಮಡಕಶಿರಾ ಭಾಗದ ಕುಟುಂಬಗಳಿಗೆ ಯಲಹಂಕದ ಏರೋ ಇಂಡಿಯಾ ಹತ್ತಿರದ್ದು. ಅಲ್ಲಿಗೆ ಹೋದ ಮಕ್ಕಳು ಮೂರು ಪ್ರಶ್ನೆಗಳನ್ನು ಜೊತೆಗೊಯ್ದರೆ ಸಾಕು.

ಒಂದು: ದಾರಿ ನೇರವಾಗಿತ್ತೇ, ಬಾಗಿತ್ತೇ, ಸುರುಳಿಯಾಗಿತ್ತೇ? ವಿಮಾನ ಬಿಡುವ ಹೊಗೆಯ ಗೆರೆಯನ್ನು ನೋಡಬೇಕು. ಗೆರೆ ಸುರುಳಿಯಾದರೆ ಬ್ಯಾರೆಲ್ ರೋಲ್. ಕಮಾನಿನಂತೆ ಏರಿ ಇಳಿದರೆ ಏಲಿರಾನ್ ರೋಲ್. ಅಳತೆಗೋಲಿನಂತಿದ್ದರೆ ಸ್ಲೋ ರೋಲ್. ಎರಡು: ಮೂಗು ಏನು ಮಾಡಿತು? ಬಿಂದುವಿನಲ್ಲಿ ನಿಂತಿತೇ, ವೃತ್ತ ಬರೆಯಿತೇ, ಥಟ್ಟನೆ ಪಕ್ಕಕ್ಕೆ ಎಗರಿತೇ? ಎಗರಿದರೆ ಸ್ನ್ಯಾಪ್ ರೋಲ್ ಎಂದು ಊಹಿಸಬಹುದು. ಮೂರು: ಸುತ್ತುವಿಕೆ ಒಂದೇ ಸಮನಾಗಿತ್ತೇ, ತಡೆತಡೆದು ಸಾಗಿತೇ? ತಡೆದರೆ ಪಾಯಿಂಟ್ ರೋಲ್. ತಡೆಗಳನ್ನು ಎಣಿಸಿದರೆ ನಾಲ್ಕರದೋ ಎಂಟರದೋ ತಿಳಿಯುತ್ತದೆ.

ಹಲವು ವಿಮಾನಗಳು ಒತ್ತೊತ್ತಾಗಿ ಒಂದೇ ಹಲಗೆಯಂತೆ ಉರುಳಿದರೆ ಅದು ಬಹುಮಟ್ಟಿಗೆ ಬ್ಯಾರೆಲ್ ರೋಲ್. ಅಂಚಿನಲ್ಲಿರುವವರು ನಾಯಕನ ಸುತ್ತ ದೊಡ್ಡ ವೃತ್ತದಲ್ಲಿ ಸಾಗಬೇಕಾದ್ದರಿಂದ ಮೃದುವಾದ, ಅಗಲವಾದ ಉರುಳೇ ಅವರಿಗೆ ಒಗ್ಗುವಂಥದು.

ನಿಂತ ಜಾಗವನ್ನೂ ಮರೆಯಬಾರದು. ಸುರುಳಿಯ ದಾರಿಯನ್ನು ಪಕ್ಕದಿಂದ ಕಂಡವನು ಅಲೆಯೆನ್ನುತ್ತಾನೆ, ಎದುರಿನಿಂದ ಕಂಡವನು ವೃತ್ತವೆನ್ನುತ್ತಾನೆ. ಇಬ್ಬರ ಸಾಕ್ಷ್ಯವೂ ಸತ್ಯ, ಇಬ್ಬರದೂ ಅಪೂರ್ಣ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಕಡೆ ನಿಂತು ನೋಡಿ, ಸಂಜೆ ಇಬ್ಬರೂ ಕಂಡದ್ದನ್ನು ಒಂದೇ ಹಾಳೆಯ ಮೇಲೆ ಬರೆದು ಹೋಲಿಸಲಿ. ವಿಮಾನ ಯಾವ ಉರುಳು ಉರುಳಿತೆಂಬುದು ಆ ಹಾಳೆಯಲ್ಲಿ ತಾನೇ ಮೂಡುತ್ತದೆ.